‘ಅಭ್ಯಾಸವಾಗುತ್ತದೆ ಬಿಡಿ’ ಎನ್ನುವವರಿಗೆ

ನಮಸ್ಕಾರ. ಹೆದರುವ ನಾಯಿಯನ್ನು ಸಾಕಿದವರಿಗೆ ಪುಕ್ಕಟೆ ಸಲಹೆಗಳಿಗೇನೂ ಬರವಿಲ್ಲ. ಗೇಟಿನ ವಾಚ್‌ಮನ್ ಹೇಳುತ್ತಾನೆ, ಎದುರು ಮನೆಯವರು ಹೇಳುತ್ತಾರೆ, ಊರಿನಿಂದ ಬಂದ ಚಿಕ್ಕಪ್ಪ ಕಾಫಿ ಕುಡಿಯುತ್ತಾ ಹೇಳುತ್ತಾರೆ: “ಜನರ ನಡುವೆ ಕರೆದುಕೊಂಡು ಹೋಗಿ, ನಾಲ್ಕು ನಾಯಿಗಳ ಜೊತೆ ಬಿಡಿ, ಅಭ್ಯಾಸವಾಗುತ್ತದೆ.” ಇವತ್ತು ನಾನು ಈ ಒಂದು ಮಾತಿನ ವಿರುದ್ಧ ಮಾತನಾಡಬೇಕೆಂದಿದ್ದೇನೆ. ‘ನಾಲ್ಕು ಬಾರಿಸಿ’ ಎನ್ನುವವರಿಗೆ ಉತ್ತರ ಕೊಡುವುದು ಸುಲಭ, ಅವರ ಮಾತಿನ ಕ್ರೌರ್ಯ ಎಲ್ಲರಿಗೂ ಕಾಣುತ್ತದೆ. ಅಭ್ಯಾಸವಾಗುತ್ತದೆ ಎನ್ನುವವರು ಒಳ್ಳೆಯವರು, ಅಕ್ಕರೆಯಿಂದಲೇ ಹೇಳುತ್ತಾರೆ. ಆದ್ದರಿಂದಲೇ ಕೋಲಿಗಿಂತ ಆ ಮಾತು ಹೆಚ್ಚು ನಾಯಿಗಳನ್ನು ಹಾಳು ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿರುವವಳು ಬೆಳ್ಳಿ. ಬೀದಿಯಲ್ಲೇ ಹುಟ್ಟಿ ಬೆಳೆದು, ದೊಡ್ಡವಳಾದ ಮೇಲೆ ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದ ಹೆಣ್ಣು ನಾಯಿ. ಬೀದಿಯಲ್ಲಿದ್ದಾಗ ಬೇಕರಿಯ ಮುಂದೆ ಮಲಗಿರುತ್ತಿದ್ದಳು. ಸಂಜೆಯ ಗಿರಾಕಿಗಳೆಲ್ಲ ಅವಳನ್ನು ದಾಟಿಕೊಂಡೇ ಹೋಗುತ್ತಿದ್ದರು, ಅವಳು ಕಣ್ಣು ಕೂಡ ಬಿಡುತ್ತಿರಲಿಲ್ಲ. ಈಗ ಲಿಫ್ಟಿನ ಬಾಗಿಲು ತೆರೆದು, ಒಳಗೆ ಹೆಲ್ಮೆಟ್ ಹಾಕಿಕೊಂಡು ಬೆನ್ನಿಗೆ ಚೀಲ ಏರಿಸಿದ ಡೆಲಿವರಿ ಹುಡುಗ ಕಂಡರೆ ಸಾಕು, ಹಗ್ಗದ ತುದಿಯಲ್ಲಿ ಹಿಂಗಾಲ ಮೇಲೆ ನಿಂತು ಇಡೀ ಕಟ್ಟಡ ಎಚ್ಚರಗೊಳ್ಳುವಂತೆ ಬೊಗಳುತ್ತಾಳೆ. ಮನೆಯೂಟ ತಿಂದು ಕೊಬ್ಬಿದೆ ಎಂಬುದು ನೆರೆಹೊರೆಯವರ ತೀರ್ಮಾನ.

ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಬೀದಿಯಲ್ಲಿ ಅವಳಿಗೊಂದು ಅನುಕೂಲವಿತ್ತು. ಯಾರೋ ಇಷ್ಟವಾಗಲಿಲ್ಲವೆಂದರೆ ಎದ್ದು ಹತ್ತು ಹೆಜ್ಜೆ ಆಚೆ ಹೋಗಿ ಮಲಗುತ್ತಿದ್ದಳು. ಕೊರಳಿಗೆ ಪಟ್ಟಿ ಬಿದ್ದ ದಿನ ಆ ಹತ್ತು ಹೆಜ್ಜೆ ಹೋಯಿತು. ಹೆದರಿದ ಪ್ರಾಣಿಗೆ ತಾನು ಓಡಲು ದಾರಿಯಿಲ್ಲದಿದ್ದರೆ ಎದುರಿಗಿರುವುದನ್ನು ಓಡಿಸುವುದಷ್ಟೇ ಉಳಿಯುತ್ತದೆ. ಬೆಳ್ಳಿ ಬೊಗಳಿದಳು, ಹುಡುಗ ಗಾಬರಿಯಾಗಿ ಗುಂಡಿ ಒತ್ತಿದ, ಬಾಗಿಲು ಮುಚ್ಚಿತು, ಹುಡುಗ ಮಾಯವಾದ. ಬೊಗಳಿದ್ದಕ್ಕೇ ಅವನು ಹೋದ ಎಂಬುದು ಅವಳ ಲೆಕ್ಕ, ಮತ್ತು ಅವಳ ಕಡೆಯಿಂದ ನೋಡಿದರೆ ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರಾಗಿ ಶುರುಮಾಡುತ್ತಾಳೆ. ಇಂಥ ನಾಯಿಯನ್ನು ದಿನಕ್ಕೆ ನಾಲ್ಕು ಸಲ ಲಿಫ್ಟಿನಲ್ಲಿ ಕರೆದೊಯ್ದರೆ ಅಭ್ಯಾಸವಾಗುವುದು ನಿಜ. ಬೊಗಳುವುದು ಅಭ್ಯಾಸವಾಗುತ್ತದೆ.

ಹಾಗಾದರೆ ನಾಯಿಗಳು ಯಾವುದಕ್ಕೂ ಒಗ್ಗಿಕೊಳ್ಳುವುದೇ ಇಲ್ಲವೇ? ಒಗ್ಗಿಕೊಳ್ಳುತ್ತವೆ. ಕುಕ್ಕರಿನ ವಿಷಲ್‌ಗೆ ಮೊದಮೊದಲು ಕಿವಿ ನಿಮಿರಿಸುತ್ತಿದ್ದ ಬೆಳ್ಳಿ ಈಗ ಅದು ಕೂಗುವಾಗಲೂ ಗೊರಕೆ ಹೊಡೆಯುತ್ತಾಳೆ. ಅವಳಿಗೆ ಆ ಸದ್ದು ಅಚ್ಚರಿಯಾಗಿತ್ತು, ಭಯವಾಗಿರಲಿಲ್ಲ. ಅಚ್ಚರಿ ಪದೇ ಪದೇ ಆದರೆ ಸವೆಯುತ್ತದೆ, ಭಯ ಪದೇ ಪದೇ ಆದರೆ ಬೇರು ಬಿಡುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡವರ ಬಾಯಿಂದ ಬರುವುದೇ ಈ ‘ಅಭ್ಯಾಸವಾಗುತ್ತದೆ’.

ಎರಡರಲ್ಲಿ ಯಾವುದು ಎಂದು ಗುರುತಿಸುವುದು ಕಷ್ಟವಲ್ಲ, ನೋಡಲು ಕಲಿಯಬೇಕು ಅಷ್ಟೇ. ಬೊಗಳುವುದಕ್ಕೆ ಬಹಳ ಮೊದಲೇ ಬೆಳ್ಳಿ ಎಲ್ಲವನ್ನೂ ಹೇಳಿರುತ್ತಾಳೆ. ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತಾಳೆ. ನಿದ್ದೆ ಬಾರದಿದ್ದರೂ ಆಕಳಿಸುತ್ತಾಳೆ. ಮುಖ ಆಚೆ ತಿರುಗಿಸಿ ಕಣ್ಣನ್ನು ಮಾತ್ರ ಅಲ್ಲೇ ಇಟ್ಟಿರುತ್ತಾಳೆ, ಆಗ ಕಣ್ಣಿನ ಬಿಳಿಭಾಗ ಕಾಣುತ್ತದೆ. ಆಮೇಲೆ ಬಾಯಿ ಮುಚ್ಚುತ್ತದೆ, ಮೈ ಮರಗಟ್ಟುತ್ತದೆ. ಬಾಲ ಅಲ್ಲಾಡುತ್ತಿದೆಯಲ್ಲ, ಖುಷಿಯಾಗಿದೆ ಎಂದು ಕೈ ಚಾಚುವವರು ಬಹಳ ಮಂದಿ. ಬಾಲಕ್ಕೂ ಹಲವು ಭಾವಗಳಿವೆ. 2007ರಲ್ಲಿ ಇಟಲಿಯ ಸಂಶೋಧಕರು ಗಮನಿಸಿದಂತೆ ಒಡೆಯನನ್ನು ಕಂಡಾಗ ನಾಯಿಯ ಬಾಲ ಬಲಕ್ಕೆ ಹೆಚ್ಚು ವಾಲಿ ಅಲ್ಲಾಡುತ್ತದೆ, ದಬ್ಬಾಳಿಕೆಯ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ರಸ್ತೆಯಲ್ಲಿ ನಿಂತು ಎಡ ಬಲ ಅಳೆಯಲು ಯಾರಿಗೂ ಆಗುವುದಿಲ್ಲ, ಬಿಡಿ. ಆದರೆ ಬಾಲವನ್ನು ಮೇಲೆತ್ತಿ, ಬಿಗಿಯಾಗಿ, ಚಿಕ್ಕದಾಗಿ ಅಲುಗಿಸುತ್ತಿದ್ದರೆ ಅದು ಸ್ವಾಗತವಲ್ಲ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಇನ್ನೊಂದು ಅಳತೆಗೋಲು ನನ್ನ ಸೊಂಟದ ಚೀಲದಲ್ಲೇ ಇರುತ್ತದೆ. ಬೇಯಿಸಿದ ಕೋಳಿ ಈಲಿಯ ಚಿಕ್ಕ ಚಿಕ್ಕ ಚೂರುಗಳು. ಬೆಳ್ಳಿ ನಿರಾಳವಾಗಿದ್ದರೆ ತುಟಿಯ ತುದಿಯಿಂದ ನಾಜೂಕಾಗಿ ತೆಗೆದುಕೊಳ್ಳುತ್ತಾಳೆ. ಅಳುಕು ಶುರುವಾದರೆ ಹಲ್ಲು ನನ್ನ ಬೆರಳಿಗೆ ತಾಗುತ್ತದೆ, ಕಿತ್ತುಕೊಂಡಂತೆ ತಿನ್ನುತ್ತಾಳೆ. ಭಯ ಗಡಿ ದಾಟಿದರೆ ಚೂರು ಮೂಗಿಗೆ ತಾಗಿದರೂ ಅದು ಅಲ್ಲಿದೆ ಎಂಬುದೇ ಅವಳಿಗೆ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ‘ಕೂತುಕೋ’ ಎಂದು ಹೇಳುವುದು ದಂಡ. ಹಿಂದಿರುಗಿ ನಡೆಯಬೇಕು, ಅಷ್ಟೇ.

ಕೆಲಸವೆಲ್ಲ ನಡೆಯುವುದು ಆ ಗಡಿಯ ಈಚೆ. ಹೆಲ್ಮೆಟ್ಟಿನವನು ರಸ್ತೆಯ ಆ ತುದಿಯಲ್ಲಿ ಕಾಣುತ್ತಾನೆ, ಬೆಳ್ಳಿ ನೋಡುತ್ತಾಳೆ, ಆಮೇಲೆ ಚೂರು ಸಿಗುತ್ತದೆ. ಅವನು ಮರೆಯಾಗುತ್ತಾನೆ, ಚೂರೂ ನಿಲ್ಲುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೊಲ್ಲು ಅಳೆದ ಕಾಲದಿಂದ ಗೊತ್ತಿರುವ ಸಂಗತಿ ಇದು: ಮುನ್ಸೂಚನೆ ಮೊದಲು, ತಿಂಡಿ ನಂತರ. ಈ ಕ್ರಮ ತಿರುವುಮುರುವಾದರೆ ಕೆಡುತ್ತದೆ. ಚೂರು ಮೊದಲು ತೋರಿಸಿ, ಅವಳು ತಿನ್ನುತ್ತಿರುವಾಗ ಅಪರಿಚಿತರನ್ನು ಹತ್ತಿರಕ್ಕೆ ಬಿಟ್ಟರೆ ಅವಳು ಚೂರನ್ನೇ ಅನುಮಾನಿಸತೊಡಗುತ್ತಾಳೆ. ಹೀಗಾಗಿ ತಿಂಡಿಯ ಚೀಲ ತೆಗೆದರೇ ನಡುಗುವ ನಾಯಿಗಳಿವೆ. ದೂರ ಎಷ್ಟಿರಬೇಕು ಎಂದು ಕೇಳುತ್ತೀರಿ. ನಾಯಿ ನಿಧಾನವಾಗಿ ತಿನ್ನುವಷ್ಟು ದೂರ. ಇಷ್ಟು ಗಜ ಎಂದು ಬರೆದುಕೊಡಲು ಆಗುವುದಿಲ್ಲ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಬೆಳಿಗ್ಗೆ ಕಸದ ಆಟೋದ ಹಾಡು, ಮಧ್ಯಾಹ್ನ ಮೇಲಿನ ಮನೆಯ ಡ್ರಿಲ್ಲಿಂಗ್, ಸಂಜೆ ಮೆಟ್ಟಿಲಲ್ಲಿ ಉರುಳಿ ಬಂದ ಚೆಂಡು: ಇವು ಒಂದರ ಮೇಲೊಂದು ಕೂತ ದಿನ ರಾತ್ರಿ ಒಂದು ಬೆಕ್ಕು ಕಂಡರೂ ಸಿಡಿಯುತ್ತಾಳೆ. ಒತ್ತಡದ ಹಾರ್ಮೋನು ಇಳಿಯಲು ಗಂಟೆಗಟ್ಟಲೆ ಬೇಕು. ಅಂಥ ದಿನ ವಾಕಿಂಗ್ ರದ್ದು ಮಾಡಿ, ಕೆಳಗೆ ಹೋಗಿ ಮೂತ್ರ ಮಾಡಿಸಿಕೊಂಡು ಬಂದು, ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ತಿಂಡಿ ಅಡಗಿಸಿ ಮೂಗಿಗೆ ಕೆಲಸ ಕೊಟ್ಟರೆ ಸಾಕು. ದಿನಾ ವಾಕಿಂಗ್ ಮಾಡಿಸದವನು ಕೆಟ್ಟ ಒಡೆಯ ಎಂಬ ಅಪರಾಧಭಾವ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ಯಜಮಾನಿಕೆಯ ಪಂಡಿತರು. ನಾಯಿ ನಿಮ್ಮನ್ನು ಆಳಲು ನೋಡುತ್ತಿದೆ, ನೆಲಕ್ಕೆ ಕೆಡವಿ ಒತ್ತಿಹಿಡಿಯಿರಿ, ಮುಳ್ಳುಪಟ್ಟಿ ಹಾಕಿ ಎನ್ನುವವರು. ಇದರ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದು. ಕಾದಾಡಿ ಗೆದ್ದು ಹಿಂಡನ್ನು ಆಳುವ ‘ಆಲ್ಫಾ ತೋಳ’ದ ಮಾತನ್ನು 1970ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ತಾವೇ ತಿದ್ದಿ ಬರೆದರು: ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಧಿಕಾರಕ್ಕಾಗಿ ಕಾದಾಡುವ ಕುಸ್ತಿ ಕಣವಲ್ಲ. ವಿಜ್ಞಾನಿ ಬಿಟ್ಟುಕೊಟ್ಟ ಮಾತನ್ನು ನಮ್ಮ ಬಡಾವಣೆಯ ತರಬೇತುದಾರರು ಇನ್ನೂ ಬಿಟ್ಟಿಲ್ಲ. ಮುಳ್ಳುಪಟ್ಟಿ ಎಳೆದಾಗ ನಾಯಿ ಸುಮ್ಮನಾಗುತ್ತದೆ, ಸುಳ್ಳಲ್ಲ. ಆದರೆ ಅಪರಿಚಿತರು ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂಬ ಹೊಸ ಪಾಠವನ್ನೂ ಅದು ಕಲಿಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೆಟ್ಟವರಿದ್ದಾರೆ, ಬೊಗಳುವ ನಾಯಿಯೂ ಕಚ್ಚುತ್ತದೆ. ಅದಕ್ಕಿಂತ ಅಪಾಯ, ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದು ತಿಂದು ಗುರುಗುಟ್ಟುವುದನ್ನೇ ಬಿಟ್ಟ ನಾಯಿ. ಅದು ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಅಂದಹಾಗೆ, ಪ್ರಾಣಿಯನ್ನು ಹೊಡೆದು ಹಿಂಸಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಬರೆದಿಟ್ಟಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಬೆಂಗಳೂರಿನಲ್ಲಿ ಮಸಾಲೆ ದೋಸೆಯೂ ಆ ದುಡ್ಡಿಗೆ ಸಿಗುವುದು ಕಷ್ಟ.

ಮರಿ ತರುವವರಿಗೆ ಒಂದು ಮಾತು. ಮರಿಯ ಮನಸ್ಸು ಲೋಕಕ್ಕೆ ತೆರೆದಿರುವುದು ಸುಮಾರು ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ. ಲಸಿಕೆ ಪೂರ್ತಿಯಾಗುವವರೆಗೆ ಹೊರಗೆ ತರಬೇಡಿ ಎನ್ನುವುದು ಮರಿಗಳಿಗೆ ಮಾರಕವಾದ ಪಾರ್ವೊ ರೋಗದ ಭಯದಿಂದ, ಆ ಭಯಕ್ಕೆ ಕಾರಣವಿದೆ. ಆದರೆ ಲಸಿಕೆ ಮುಗಿಯುವಷ್ಟರಲ್ಲಿ ಆ ಕಿಟಕಿ ಮುಚ್ಚಿರುತ್ತದೆ. ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಸಂತೆ, ಬಸ್ಸು, ಛತ್ರಿ, ಗಡ್ಡ, ಗಾಲಿಕುರ್ಚಿ ಎಲ್ಲವನ್ನೂ ದೂರದಿಂದ ತೋರಿಸಿ. ‘ಅಭ್ಯಾಸವಾಗುತ್ತದೆ’ ಎಂಬ ಮಾತಿಗೆ ಸಲ್ಲುವ ವಯಸ್ಸು ಯಾವುದಾದರೂ ಇದ್ದರೆ ಅದು ಇದು. ನಾಲ್ಕು ವರ್ಷದ ನಾಯಿಗೆ ಎಂಟು ವಾರದ ಮರಿಯ ಪಾಠ ಹೇಳುವುದೇ ಎಡವಟ್ಟು.

ಈಗ ನನ್ನಂಥವರ ಕಡೆಗೂ ತಿರುಗುತ್ತೇನೆ. ಸಾಕುನಾಯಿಗೆ ಲಿಫ್ಟ್ ಬಳಸಬಾರದೆಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಕಾಗದವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಜಗಳಕ್ಕೆ ನಿಲ್ಲುವವರು ನಮ್ಮಲ್ಲಿ ಬಹಳ. ಹಕ್ಕು ಇದೆ, ಸರಿ. ಆದರೆ ನಾಲ್ಕಡಿ ಅಗಲದ ಪೆಟ್ಟಿಗೆಯಲ್ಲಿ ನಡುಗುವ ನಾಯಿಯನ್ನೂ ನಡುಗುವ ಪಕ್ಕದ ಮನೆಯ ಹುಡುಗಿಯನ್ನೂ ಒಟ್ಟಿಗೆ ನಿಲ್ಲಿಸಿ ಯಾರಿಗೆ ಏನು ಸಿಕ್ಕಿತು? ನಾವು ಮೆಟ್ಟಿಲು ಬಳಸುತ್ತೇವೆ, ತಿರುವಿನಲ್ಲಿ ನಿಂತು ‘ಬರುತ್ತಿದ್ದೇವೆ’ ಎಂದು ಕೂಗುತ್ತೇವೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಾಯಿ ಕಚ್ಚಿ ಅಂಥ ರೋಗ ಬರುವ ದೇಶದಲ್ಲಿ ಜನ ನಾಯಿಗೆ ಹೆದರುವುದನ್ನು ಅಜ್ಞಾನ ಎಂದು ಗೇಲಿ ಮಾಡುವುದು ಸೊಕ್ಕು. ಲಸಿಕೆ ಹಾಕಿಸಿದ ನಾಯಿಯ ಹಲ್ಲು ತಾಗಿದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ನಾಯಿ ಕಚ್ಚದಂತೆ ಬಾಯಿಗೆ ಮಜಲ್ ಹಾಕಿದರೆ ‘ಅಯ್ಯೋ ಪಾಪ’ ಎನ್ನುತ್ತಾರೆ. ಕಣದಲ್ಲಿ ಎತ್ತುಗಳಿಗೆ ಬಾಯಿಕುಕ್ಕೆ ಹಾಕುವುದನ್ನು ಕಂಡ ಊರಿನವರು ಮಾತ್ರ ಹಾಗೆನ್ನುವುದಿಲ್ಲ. ಬುಟ್ಟಿಯಂಥ ಮಜಲ್ ಇರಬೇಕು, ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯನ್ನೇ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿನಲ್ಲಿ ವಾಕಿಂಗಿಗೆ ಅಪಾಯ. ಬೆಳ್ಳಿಗೆ ಅದರ ತಳಕ್ಕೆ ಮೊಸರು ಸವರಿ ಕಲಿಸಿದೆವು, ಈಗ ಅದನ್ನು ಗೂಟದಿಂದ ತೆಗೆದರೆ ತಾನೇ ಬಂದು ಮೂಗು ತೂರಿಸುತ್ತಾಳೆ. ಇನ್ನೊಂದು ಲಾಭವಿದೆ: ಮಜಲ್ ಕಂಡರೆ ಯಾರೂ ತಲೆ ಸವರಲು ಬರುವುದಿಲ್ಲ.

ಔಷಧಿಯ ಬಗ್ಗೆ ಮುಜುಗರ ಬೇಡ. ಮೊದಲು ನೋವು ಇದೆಯೇ ಎಂದು ಪರೀಕ್ಷೆ ಮಾಡಿಸಿ; ಸೊಂಟ, ಕಿವಿ, ಹಲ್ಲು, ಉಣ್ಣಿ ಕಚ್ಚಿ ಬರುವ ಜ್ವರ, ಯಾವುದು ಬೇಕಾದರೂ ನಾಯಿಯನ್ನು ಸಿಡುಕನನ್ನಾಗಿ ಮಾಡಬಹುದು. ಮನುಷ್ಯರ ಖಿನ್ನತೆಗೂ ಕೊಡುವ ಫ್ಲೂಆಕ್ಸೆಟಿನ್ ಎಂಬ ಮಾತ್ರೆಗೆ, ಒಂಟಿಯಾಗಿದ್ದಾಗ ಕಂಗೆಡುವ ನಾಯಿಗಳಿಗಾಗಿ, ತರಬೇತಿಯ ಜೊತೆಗೆ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ಕೆಲಸ ಮಾಡಲು ವಾರಗಳು ಬೇಕು. ಮಾತ್ರೆ ಭಯದ ಸದ್ದನ್ನು ತಗ್ಗಿಸುತ್ತದೆ, ಆಗ ಪಾಠ ಕಿವಿಗೆ ಬೀಳುತ್ತದೆ. ನಿಮ್ಮ ಮನೆಯ ಡಬ್ಬಿಯಿಂದ ನೀವೇ ತೆಗೆದು ಕೊಡಬೇಡಿ, ಪಶುವೈದ್ಯರೇ ಬರೆದುಕೊಡಬೇಕು. ದೀಪಾವಳಿಗೆ ಮಾತ್ರ ಒಂದು ಎಚ್ಚರಿಕೆ. ಅಸೆಪ್ರೊಮಜಿನ್ ಎಂಬ ಹಳೆಯ ಮಂಪರು ಔಷಧಿಯೊಂದನ್ನೇ ಕೊಟ್ಟರೆ ಮೈ ಮಲಗುತ್ತದೆ, ಭಯ ಮಲಗುವುದಿಲ್ಲ. ನಾಯಿ ಅಲುಗಲಾರದೆ ಪಟಾಕಿ ಕೇಳುತ್ತಾ ಬಿದ್ದಿರುತ್ತದೆ. ಬೇರೇನಿದೆ ಎಂದು ಹಬ್ಬಕ್ಕೆ ಒಂದು ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ಅದನ್ನು ನಂಬಿ ಏಳೂವರೆಗೆ ವಾಕಿಂಗ್ ಹೊರಟವರು ಮತ್ತೆ ಹೊರಡುವುದಿಲ್ಲ. ನಡುಗುವ ನಾಯಿಯನ್ನು ತಬ್ಬಿಕೊಂಡರೆ ಭಯ ಹೆಚ್ಚುತ್ತದೆ ಎಂಬುದೂ ಸುಳ್ಳು, ಅದು ಬಂದು ಒರಗಿದರೆ ಒರಗಲಿ.

“ಯಾವಾಗ ಸರಿಹೋಗುತ್ತಾಳೆ?” ಎಂದು ಎಲ್ಲರೂ ಕೇಳುತ್ತಾರೆ. ಸರಿಹೋಗುವುದೆಂದರೆ ಗೃಹಪ್ರವೇಶಕ್ಕೆ ಕರೆದೊಯ್ದು ಮಕ್ಕಳ ಕೈಗೆ ಕೊಡುವುದಾದರೆ, ಬೆಳ್ಳಿ ಸರಿಹೋಗುವುದಿಲ್ಲ. ಆಕೆಗೆ ನಾಲ್ಕೈದು ಜನ ಸಾಕು, ಒಂದು ಖಾಲಿ ಮೈದಾನ ಸಾಕು. ಮನೆಗೆ ಬರುವವರಿಗೆ ನಾವು ಬಾಗಿಲಲ್ಲೇ ಹೇಳುತ್ತೇವೆ: ಅವಳನ್ನು ನೋಡಬೇಡಿ, ಕರೆಯಬೇಡಿ, ಕೈ ಚಾಚಬೇಡಿ, ಬಂದು ಕೂತು ಕಾಫಿ ಕುಡಿಯಿರಿ. ಚಿಕ್ಕಪ್ಪನಿಗೆ ಮೊದಲು ಇದು ಅವಮಾನವೆನಿಸಿತ್ತು. ಈಗ ಅವರು ಬಂದರೆ ಪೇಪರ್ ಬಿಡಿಸಿಕೊಂಡು ಕೂರುತ್ತಾರೆ. ಬೆಳ್ಳಿ ಒಮ್ಮೊಮ್ಮೆ ಅವರ ಚಪ್ಪಲಿ ಮೂಸಿ ವಾಪಸ್ ಹೋಗುತ್ತಾಳೆ, ಒಮ್ಮೊಮ್ಮೆ ಕೋಣೆಯಿಂದ ಹೊರಗೇ ಬರುವುದಿಲ್ಲ.