ಕಾರ್ಸೆಟ್‌ನ ಬೆನ್ನಿನ ತೂತುಗಳು

ಎಲ್ಲರಿಗೂ ನಮಸ್ಕಾರ. ಕಾರ್ಸೆಟ್ ಎಂದ ಕೂಡಲೇ ಉಸಿರುಗಟ್ಟಿಸುವ ಸಣ್ಣ ಸೊಂಟ ಕಣ್ಣಮುಂದೆ ಬರುತ್ತದೆ. ಆದರೆ ಯುರೋಪಿನಲ್ಲಿ ಬಹುಕಾಲ ಈ ಉಡುಪಿನ ಮುಖ್ಯ ಕೆಲಸ ಅದಾಗಿರಲಿಲ್ಲ.

18ನೇ ಶತಮಾನದ ‘ಸ್ಟೇಸ್’, ಅಂದರೆ ಆಗಿನ ಕಾರ್ಸೆಟ್, ತೆಗೆದುಕೊಳ್ಳಿ. ಲಿನನ್ ಬಟ್ಟೆಯ ಪದರಗಳ ನಡುವೆ ಒತ್ತೊತ್ತಾಗಿ ಹೊಲಿದ ಸಣ್ಣ ಸಣ್ಣ ಓಣಿಗಳು, ಅವುಗಳೊಳಗೆ ಬಲೀನ್ ಕಡ್ಡಿಗಳು. ತಿಮಿಂಗಿಲದ ಮೂಳೆ ಎಂದು ಕರೆದರೂ ಬಲೀನ್ ಮೂಳೆಯಲ್ಲ. ತಿಮಿಂಗಿಲ ನೀರು ಸೋಸಿ ಆಹಾರ ಹಿಡಿಯುವ ಬಾಯಿಯ ಪಟ್ಟಿ ಅದು, ನಮ್ಮ ಉಗುರಿನ ಜಾತಿಯದು. ಉದ್ದಕ್ಕೆ ಸಲೀಸಾಗಿ ಸೀಳುತ್ತದೆ, ಮೈಬಿಸಿಗೆ ಮೈಗೆ ಒಗ್ಗುತ್ತದೆ. ಸ್ಟೇಸ್ ಎದೆಯನ್ನು ಎತ್ತಿ ಹಿಡಿಯುತ್ತಿತ್ತು, ಮುಂಡವನ್ನು ಬೋರಲು ಹಾಕಿದ ಶಂಕುವಿನಂತೆ ನೇರ ಮಾಡುತ್ತಿತ್ತು, ಭಾರದ ಲಂಗಗಳ ಲಾಡಿ ಸೊಂಟ ಕೊರೆಯದಂತೆ ತಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ದುಡಿಯುವ ಹೆಂಗಸರಿಗೆ ತೊಗಲಿನ ಸ್ಟೇಸ್ ಕೂಡ ಇತ್ತು.

ಈಗ ಲಾಡಿ ಪೋಣಿಸಿ ಬಿಗಿಯುವ ಬೆನ್ನಿನ ತೂತಿಗೆ ಬನ್ನಿ, ಎಲ್ಲವೂ ತಿರುಗಿದ್ದು ಅಲ್ಲೇ. ದಬ್ಬಳದಿಂದ ಬಟ್ಟೆಯ ಎಳೆ ಕತ್ತರಿಸದೆ ಪಕ್ಕಕ್ಕೆ ಸರಿಸಿ, ಸುತ್ತಲೂ ದಾರ ಸುತ್ತಿ ಹೊಲಿದ ತೂತು ಅದು. ಹೆಚ್ಚು ಎಳೆದರೆ ಹರಿಯುತ್ತದೆ. ಬಿಗಿತಕ್ಕೆ ಬಟ್ಟೆಯೇ ಮಿತಿ ಹಾಕಿತ್ತು. 1820ರ ದಶಕದಲ್ಲಿ ಲೋಹದ ಐಲೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ಬಳೆ, ಬಂತು, ಆ ಮಿತಿ ಹೋಯಿತು. ಶತಮಾನದ ನಡುವೆ, ಮುಂಭಾಗದಲ್ಲಿ ಕೊಂಡಿ ಹಾಕಿ ತೆಗೆಯುವ ಎರಡು ಉಕ್ಕಿನ ಪಟ್ಟಿಗಳು ಬಳಕೆಗೆ ಬಂದವು. ಲಾಡಿಯನ್ನು ಪೂರ್ತಿ ಬಿಚ್ಚದೆ ಹೆಂಗಸು ತಾನೇ ತೊಟ್ಟು ಕಳಚಬಹುದಾಯಿತು. ಮೊದಲು ಲಾಡಿ ಸಡಿಲಿಸಬೇಕು, ಇಲ್ಲದಿದ್ದರೆ ಪಟ್ಟಿ ತಿರುಚಿಕೊಳ್ಳುತ್ತದೆ.

ಹಾಗೆಂದು ಎಲ್ಲರೂ ಸೊಂಟ ಹಿಸುಕಿಕೊಂಡರು ಎಂದಲ್ಲ. ಹಳೆಯ ಕಾರ್ಸೆಟ್‌ನ ಅಂಚುಗಳನ್ನು ಕೂಡಿಸಿ ಅಳೆದ ಅಳತೆಯನ್ನೇ ತೊಟ್ಟವಳ ಸೊಂಟ ಎಂದುಕೊಳ್ಳುವುದು ದೊಡ್ಡ ತಪ್ಪು. ಬೆನ್ನಲ್ಲಿ ಎರಡು ಮೂರು ಅಂಗುಲ ಸಂದು ಬಿಟ್ಟು ಕಟ್ಟುವುದು ಸಾಮಾನ್ಯವಾಗಿತ್ತು.

1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಬ್ರಾಗೆ ಪೇಟೆಂಟ್ ಪಡೆದರು. ಎದೆಯ ಭಾರ ಹೊರುವ ಕೆಲಸ ನಿಧಾನವಾಗಿ ಬ್ರಾಗೆ ಹೋಯಿತು, ಸೊಂಟದ್ದು ಗರ್ಡಲ್ ಎಂಬ ಎಲಾಸ್ಟಿಕ್ ಒಳಉಡುಪಿಗೆ. 1947ರಲ್ಲಿ ಫ್ರಾನ್ಸಿನ ಫ್ಯಾಷನ್ ವಿನ್ಯಾಸಕ ಡಿಯೋರ್ ಸಣ್ಣ ಸೊಂಟವನ್ನು ಮತ್ತೆ ತಂದರು. 1987ರಲ್ಲಿ ಬ್ರಿಟನ್ನಿನ ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಕಾರ್ಸೆಟ್ಟನ್ನೇ ಮೇಲುಡುಪು ಮಾಡಿದರು. ಅವರ ಕಾರ್ಸೆಟ್‌ಗಳ ಬದಿಗೆ ಹಿಗ್ಗುವ ಬಟ್ಟೆ, ಬೆನ್ನಿಗೆ ಜಿಪ್. ಐಲೆಟ್ಟೇ ಬೇಡವಾಯಿತು!

ಇವತ್ತು ನಮ್ಮ ಮದುವೆಗಳ ‘ಕಾರ್ಸೆಟ್ ಬ್ಲೌಸ್’ ಕೂಡ ಬಹುಪಾಲು ಜಿಪ್ ಮೇಲೆಯೇ ನಿಂತಿದೆ, ಲಾಡಿ ಅಂದಕ್ಕೆ. ಅದರಲ್ಲಿ ತಪ್ಪಿಲ್ಲ. ಲಾಡಿಯಿಂದಲೇ ಬಿಗಿಯಬೇಕೆಂದಿದ್ದರೆ ಮಾತ್ರ ಒಳಗಿನ ಕೆಲಸ ಗಟ್ಟಿಯಿರಲಿ. ಒಂದೊಂದು ಬದಿಗೆ ಐದಾರು ಬಟ್ಟೆಯ ತುಂಡು. ಸೊಂಟದ ಗೆರೆಗೆ ಎರಡು ಸೆಂಟಿಮೀಟರ್ ಅಗಲದ, ಹಿಗ್ಗದ ಪಟ್ಟಿ. ಇದಿಲ್ಲದಿದ್ದರೆ ಎಳೆತವೆಲ್ಲ ಹೊಲಿಗೆಯ ಮೇಲೆ ಬಿದ್ದು ಸೊಂಟ ಸಡಿಲವಾಗುತ್ತದೆ. ಐಲೆಟ್ ಸಾಲಿನ ಎರಡೂ ಪಕ್ಕ ಉಕ್ಕಿನ ಕಡ್ಡಿ ಬೇಕು, ಪ್ಲಾಸ್ಟಿಕ್ ಮೈಬಿಸಿಗೆ ಬಾಗಿ ಹಾಗೆಯೇ ಉಳಿಯುತ್ತದೆ. ಕಡ್ಡಿ ಓಣಿಗಿಂತ ಸ್ವಲ್ಪ ಗಿಡ್ಡ ಇರಲಿ, ಇಲ್ಲವಾದರೆ ತುದಿ ಬಟ್ಟೆ ತೂರಿ ಹೊರಬರುತ್ತದೆ. ಐಲೆಟ್‌ಗಳ ನಡುವೆ ಎರಡು ಸೆಂಟಿಮೀಟರ್ ಅಂತರ. ಲಾಡಿಯ ಕುಣಿಕೆಗಳನ್ನು ಸೊಂಟದ ಮಟ್ಟದಲ್ಲೇ ಹೊರತೆಗೆಯಿರಿ.

ಕಟ್ಟಿದ ಮೇಲೆ ಬೆನ್ನಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯೇ ನೋಡಿ. ಕೆಳಗೆ ಅಗಲವಾದರೆ ಪೃಷ್ಠದ ಅಳತೆ ಸಾಲದು, ಮೇಲೆ ಅಗಲವಾದರೆ ಎದೆಯದು. ಲಾಡಿ ಎಳೆದು ಅದನ್ನು ಸರಿಮಾಡಲು ಹೋಗಬೇಡಿ, ಆ ತುಂಡು ಬಿಚ್ಚಿ ಬಟ್ಟೆ ಸೇರಿಸಿ.