ಸರ್ಟನ್ಲಿ ಎಂದು ಬರೆಯುವ ಮುನ್ನ

ನಮಸ್ಕಾರ, ಕೇಳುಗರೇ. ಕೆಲಸದ ನಿಮಿತ್ತ ಇಂಗ್ಲಿಷಿನಲ್ಲಿ ಪತ್ರ, ವರದಿ ಬರೆಯಬೇಕಾದ ನಿಮ್ಮೊಡನೆ ಇಂದು ಒಂದೇ ಪದದ ಬಗ್ಗೆ ಮಾತು: ಸರ್ಟನ್ಲಿ. ನಿಘಂಟು ‘ಖಂಡಿತವಾಗಿ’ ಎನ್ನುತ್ತದೆ. ಅರ್ಥದ ಬಗ್ಗೆ ತಕರಾರಿಲ್ಲ, ತಕರಾರು ಬಳಕೆಯ ಬಗ್ಗೆ. ಬೇರೇನೂ ಆಗಲು ಸಾಧ್ಯವೇ ಇಲ್ಲ ಎಂದು ನಿಮಗೆ ಗೊತ್ತಿದ್ದಾಗ ಮಾತ್ರ ಈ ಪದ ಬರೆಯಿರಿ. ಹಣ ಕಳುಹಿಸಬೇಕಾದವರು ಬೇರೆ ಯಾರೋ. ‘ಸೋಮವಾರ ಸರ್ಟನ್ಲಿ ತಲುಪುತ್ತದೆ’ ಎಂದು ಬರೆಯುವವರು ನೀವು! ಯಾವ ಧೈರ್ಯದಿಂದ?

ಖಚಿತತೆಯ ಪದಗಳು ಎಷ್ಟು ತೊಂದರೆ ಕೊಡುತ್ತವೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಂದು ವರದಿ ಸಿದ್ಧಪಡಿಸಿತು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ಸೋವಿಯತ್ ಕೂಟದ ದಾಳಿ ‘ಸೀರಿಯಸ್ ಪಾಸಿಬಿಲಿಟಿ’ ಎಂದು ಅದರಲ್ಲಿತ್ತು. ಅಂದರೆ ಗಂಭೀರ ಸಾಧ್ಯತೆ. ವರದಿಯ ಹಿಂದಿದ್ದವರಲ್ಲಿ ಒಬ್ಬರು ಷರ್ಮನ್ ಕೆಂಟ್, ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದ್ದವರು. ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಮಾತಿನ ನಡುವೆ ಅವರನ್ನು ಕೇಳಿದರು: ಆ ಪದಗಳಿಗೆ ಏನರ್ಥ? ದಾಳಿ ನಡೆಯುವ ಸಂಭವ ನೂರಕ್ಕೆ 65 ಎಂದರು ಕೆಂಟ್. ಅಧಿಕಾರಿ ಬೆಚ್ಚಿಬಿದ್ದರು. ಅವರ ಕಚೇರಿಯಲ್ಲಿ ಎಲ್ಲರೂ ಅದಕ್ಕಿಂತ ತೀರಾ ಕಡಿಮೆ ಎಂದುಕೊಂಡಿದ್ದರು. ಕೆಂಟ್ ಅಲ್ಲಿಗೇ ಬಿಡಲಿಲ್ಲ. ಆ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದ ತಮ್ಮದೇ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಒಬ್ಬರ ಮನಸ್ಸಿನಲ್ಲಿ ನೂರಕ್ಕೆ 80, ಇನ್ನೊಬ್ಬರ ಮನಸ್ಸಿನಲ್ಲಿ ನೂರಕ್ಕೆ 20! ಒಂದೇ ಮೇಜಿನ ಸುತ್ತ ಕುಳಿತು, ಒಂದೇ ವಾಕ್ಯಕ್ಕೆ ತಲೆದೂಗಿದ್ದವರು ಇವರೆಲ್ಲ. ದಾಳಿ ನಡೆಯಲಿಲ್ಲ, ಅದು ಬೇರೆ ಮಾತು.

1964ರಲ್ಲಿ ಕೆಂಟ್ ಇದನ್ನೆಲ್ಲ ಲೇಖನವಾಗಿ ಬರೆದು, ಪದಗಳಿಗೆ ಅಂಕ ಕೊಟ್ಟರು. ‘ಪ್ರಾಬಬಲ್’ಗೆ ನೂರಕ್ಕೆ ಸುಮಾರು 75, ‘ಆಲ್ಮೋಸ್ಟ್ ಸರ್ಟನ್’ಗೆ ಸುಮಾರು 93. ಬರಿಯ ‘ಸರ್ಟನ್’ ಎಂದರೆ ಪೂರ್ತಿ ನೂರು, ಒಂದೂ ಕಡಿಮೆಯಿಲ್ಲ. ಹೀಗೆ ಅಂಕ ಹಚ್ಚುವುದನ್ನು ವಿರೋಧಿಸಿದ ಸಹೋದ್ಯೋಗಿಗಳನ್ನು ಅವರು ಕವಿಗಳು ಎಂದು ಕರೆದರು. ಕವಿಗಳ ಬಗ್ಗೆ ನನಗೆ ಗೌರವವಿದೆ, ಆದರೆ ವರದಿ ಬರೆಯಲು ಅವರನ್ನು ಕರೆಯಬೇಡಿ. ನೂರು ಎನ್ನಲು ಧೈರ್ಯವಿಲ್ಲವೇ? ‘ಪ್ರಾಬಬ್ಲಿ’ ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ‘ಶ್ಯೂರ್ಲಿ’ ಸರ್ಟನ್ಲಿಯ ತದ್ರೂಪವಲ್ಲ. ‘ಶ್ಯೂರ್ಲಿ ಯು ರಿಮೆಂಬರ್ ಮಿ’ ಎಂದರೆ ‘ನನ್ನ ನೆನಪು ಇದ್ದೇ ಇರುತ್ತದಲ್ಲವೇ?’ ಎಂದು. ಹೌದೆನ್ನಿ ಎಂಬ ಬೇಡಿಕೆ ಅದರಲ್ಲಿದೆ, ಒಳಗೆ ಅಳುಕೂ ಇದೆ. ‘ಹಿ ಮಸ್ಟ್ ಬಿ ಅಟ್ ಹೋಮ್’ ಎಂಬುದು ನಮ್ಮ ‘ಮನೆಯಲ್ಲಿರಬೇಕು’ ಇದ್ದಂತೆ, ಊಹೆ. ಯಾರಾದರೂ ಸಹಾಯ ಕೇಳಿದಾಗ ‘ಸರ್ಟನ್ಲಿ’ ಎಂದರೆ ‘ಅಗತ್ಯವಾಗಿ’ ಎಂದು. ಅಲ್ಲಿ ಧಾರಾಳವಾಗಿ ಬಳಸಿ, ಮಾಡಿಕೊಡುವ ಮನಸ್ಸಿದ್ದರೆ. ‘ಸರ್ಟನ್ಲಿ ನಾಟ್’ ಎಂಬುದು ಖಡಾಖಂಡಿತ ನಿರಾಕರಣೆ, ಹಿರಿಯ ಅಧಿಕಾರಿಗೆ ಉತ್ತರಿಸುವಾಗ ಜೋಪಾನ. ಇನ್ನು ‘ಎ ಸರ್ಟನ್ ಮ್ಯಾನ್’ ಎಂದು ಓದಿ ‘ಖಚಿತ ಮನುಷ್ಯ’ ಎಂದು ಅನುವಾದಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ‘ಒಬ್ಬಾನೊಬ್ಬ ಮನುಷ್ಯ’, ಅಷ್ಟೇ. ನಮಸ್ಕಾರ.