ಮರುಭೂಮಿಯ ಗೋಪುರಕ್ಕೆ ಮೊದಲು ಬೇಕಾದದ್ದು ನೆರಳು

ಕೇಳುಗರಿಗೆ ನಮಸ್ಕಾರ.

ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಲ್ಲಿ ಬುಡದಿಂದ ತುದಿಯವರೆಗೆ ಬರೀ ಗಾಜಿನ ಗೋಪುರ ಕಟ್ಟಿದರೆ ಏನಾಗುತ್ತದೆ ಅಂತ ಒಮ್ಮೆ ಯೋಚನೆ ಮಾಡಿ. ಬಿಸಿಲು ಸಲೀಸಾಗಿ ಗಾಜು ದಾಟಿ ಒಳಗೆ ಬರುತ್ತದೆ. ನೆಲ, ಮೇಜು, ಗೋಡೆ ಎಲ್ಲ ಕಾಯುತ್ತವೆ. ಆದರೆ ಹಾಗೆ ಕಾದ ವಸ್ತುಗಳು ಬಿಡುವ ಶಾಖಕ್ಕೆ ಅದೇ ಗಾಜನ್ನು ದಾಟಿ ಹೊರಗೆ ಹೋಗುವ ಶಕ್ತಿ ಇಲ್ಲ. ಒಳಗೇ ಉಳಿದುಬಿಡುತ್ತದೆ. ಪರದೆ ಎಳೆದರೂ ಅಷ್ಟೇ, ಯಾಕೆಂದರೆ ಪರದೆ ಇರುವುದು ಗಾಜಿನ ಒಳಗಡೆ, ಬಿಸಿಲು ಅದಕ್ಕೆ ತಾಗುವ ಹೊತ್ತಿಗೆ ಆಗಲೇ ಮನೆಯೊಳಗೆ ಬಂದಾಗಿದೆ. ಉಳಿದ ಕೆಲಸವೆಲ್ಲ ಎಸಿಯದು. ಕೊಲ್ಲಿ ದೇಶಗಳ ನಗರಗಳಲ್ಲಿ ಬಹಳ ಕಾಲ ನಡೆದದ್ದು ಇದೇ. ತಂಪು ದೇಶಗಳಲ್ಲಿ ಹುಟ್ಟಿದ ಗಾಜಿನ ಪೆಟ್ಟಿಗೆಯನ್ನು ಹಾಗೇ ತಂದು ಮರಳಿನ ಮೇಲೆ ನಿಲ್ಲಿಸಿದರು.

ಈಗ ಅದೇ ರೀತಿಯ ಸುಡುಬಿಸಿಲಲ್ಲಿ ನಿಂತಿರುವ ಇನ್ನೊಂದು ಗೋಪುರ ನೋಡೋಣ. ಅಮೆರಿಕದ ಸೊನೋರಾ ಮರುಭೂಮಿಯ ಸಾಗುವಾರೋ ಕಳ್ಳಿ. 12 ಮೀಟರ್ ಎತ್ತರಕ್ಕೆ ಆರಾಮಾಗಿ ಬೆಳೆಯುತ್ತದೆ, ನೂರು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅದರ ಮೈಯನ್ನು ಹತ್ತಿರದಿಂದ ನೋಡಿದರೆ ಮೇಲಿಂದ ಕೆಳಗೆ ಉದ್ದುದ್ದ ಏಣುಗಳು, ನಡುನಡುವೆ ಆಳವಾದ ಗೆರೆಗಳು. ಸೂರ್ಯ ಯಾವ ಕಡೆ ಇದ್ದರೂ ಒಂದು ಏಣಿನ ನೆರಳು ಪಕ್ಕದ ಗೆರೆಯ ಮೇಲೆ ಬೀಳುತ್ತದೆ. ಮುಳ್ಳುಗಳದ್ದೂ ಒಂದಿಷ್ಟು ನೆರಳು. ಹಗಲೆಲ್ಲ ಮೈಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ತಂಪಾದ ಮೇಲೆ ರಾತ್ರಿ ತೆರೆದು ಉಸಿರಾಡುತ್ತದೆ. ನೀರು ಉಳಿಯೋದು ಹಾಗೆ. ಒಟ್ಟಿನಲ್ಲಿ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಒದ್ದಾಡುವ ಕೆಲಸ ಅದಕ್ಕಿಲ್ಲ, ಹೊರಗೇ ತಡೆಯುತ್ತದೆ.

ನಿಸರ್ಗದಿಂದ ಸ್ಫೂರ್ತಿ ಪಡೆದ ಗೋಪುರ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ಹುಡುಕುವುದು ಈ ಗುಣವನ್ನೇ. ಹೂವಿನ ಹಾಗೆ, ಚಿಪ್ಪಿನ ಹಾಗೆ ಕಾಣುವ ಕಟ್ಟಡಗಳು ಬೇಕಾದಷ್ಟಿವೆ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾಕ್ಕೂ ಹೈಮೆನೊಕ್ಯಾಲಿಸ್ ಅನ್ನುವ ಹೂವಿನ ಹೆಸರು ಹೇಳುತ್ತಾರೆ. ಮೂರು ರೆಕ್ಕೆಗಳ ಆ ಆಕಾರ ಗಾಳಿಯ ಹೊಡೆತ ತಡೆಯಲು ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಬಿಸಿಲಿನ ಲೆಕ್ಕವೇ ಬೇರೆ.

ಬಿಸಿಲಿನ ಲೆಕ್ಕಕ್ಕೆ ಅಬುಧಾಬಿಗೆ ಹೋಗಬೇಕು. ಅಲ್ಲಿ 2012ರಲ್ಲಿ ಮುಗಿದ ಅಲ್ ಬಹರ್ ಜೋಡಿ ಗೋಪುರಗಳಿವೆ. ವಿನ್ಯಾಸ ಏಡಾಸ್ ಸಂಸ್ಥೆಯದು, ಎಂಜಿನಿಯರಿಂಗ್ ಅರೂಪ್ ಅನ್ನುವ ಕಂಪನಿಯದು. ಅರಬ್ ಮನೆಗಳ ಕಿಟಕಿಗಳಲ್ಲಿ ಮಶ್ರಬಿಯಾ ಅನ್ನುವ ಮರದ ಜಾಲರಿ ಇರುತ್ತಿತ್ತು. ಗಾಳಿ ಬೆಳಕು ಬರಬೇಕು, ಬಿಸಿಲು ಬರಬಾರದು, ಹೊರಗಿನವರಿಗೆ ಒಳಗಿನವರು ಕಾಣಬಾರದು, ಇಷ್ಟನ್ನೂ ಅದೊಂದೇ ನೋಡಿಕೊಳ್ಳುತ್ತಿತ್ತು. ಅಲ್ ಬಹರ್‌ನಲ್ಲಿ ಆ ಜಾಲರಿ ಚಲಿಸುತ್ತದೆ. ಗಾಜಿನ ಗೋಡೆಯಿಂದ ಸುಮಾರು 2 ಮೀಟರ್ ಆಚೆ ಬೇರೆಯೇ ಒಂದು ಚೌಕಟ್ಟು, ಅದರ ಮೇಲೆ ಒಂದೊಂದು ಗೋಪುರಕ್ಕೂ ಸಾವಿರಕ್ಕಿಂತ ಹೆಚ್ಚು ತ್ರಿಕೋನದ ಮಡಿಕೆಗಳು. ಬೆಳಗ್ಗೆ ಸೂರ್ಯ ಪೂರ್ವಕ್ಕೆ ಬಂದಾಗ ಆ ಕಡೆಯ ಮಡಿಕೆಗಳು ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಗಾಜಿಗೆ ಮರೆಯಾಗುತ್ತವೆ. ಸೂರ್ಯ ಸರಿದಂತೆ ಈ ಮರೆಯೂ ಗೋಪುರದ ಸುತ್ತ ಸರಿಯುತ್ತಾ ಹೋಗುತ್ತದೆ, ಸಂಜೆಗೆ ಎಲ್ಲ ಮಡಚಿಕೊಳ್ಳುತ್ತವೆ. ಒಳಗೆ ಸೇರುವ ಬಿಸಿಲಿನ ಶಾಖ ಇದರಿಂದ ಅರ್ಧದಷ್ಟು ತಗ್ಗುತ್ತದೆ ಅನ್ನುವುದು ವಿನ್ಯಾಸಕಾರರ ಲೆಕ್ಕ. ನನಗೆ ಇನ್ನೂ ಇಷ್ಟವಾದದ್ದು ಬೇರೆ. ನೆರಳು ಹೊರಗಿದೆಯಲ್ಲ, ಹಾಗಾಗಿ ಕಪ್ಪು ಗಾಜು ಹಾಕಬೇಕಾದ ಗರಜು ಕಡಿಮೆ. ಒಳಗಿರುವವರಿಗೆ ಹಗಲಿನ ಬೆಳಕು ಸಿಗುತ್ತದೆ, ಹೊರಗೆ ಅಷ್ಟು ಬೆಳಕಿದ್ದೂ ಒಳಗೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವ ಅವಸ್ಥೆ ತಪ್ಪುತ್ತದೆ.

ಇನ್ನೊಂದು ಸಂಗತಿ. ಆ ಜಾಲರಿ ಉತ್ತರದ ಕಡೆ ಇಲ್ಲ! ಅಲ್ಲಿ ನೇರ ಬಿಸಿಲು ಬೀಳುವುದು ಕಡಿಮೆ, ಅದಕ್ಕೇ ಬಿಟ್ಟುಬಿಟ್ಟಿದ್ದಾರೆ. ಅಲಂಕಾರಕ್ಕೆ ಅಂತ ಮಾಡಿದ್ದರೆ ನಾಲ್ಕೂ ಕಡೆ ಮಾಡುತ್ತಿದ್ದರು, ಅಲ್ವಾ?

ಯಾವ ಕಡೆ ಎಷ್ಟು ಬಿಸಿಲು ಅನ್ನುವುದರಲ್ಲೇ ಇಡೀ ವಿಷಯ ಇದೆ. ಅಬುಧಾಬಿ ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರದಲ್ಲೇ ಇದೆ. ಜೂನ್ ತಿಂಗಳ ನಡು ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಳಿಗಿಂತ ಚಾವಣಿಗೇ ಪೆಟ್ಟು ಜಾಸ್ತಿ. ಗೋಡೆಗಳಿಗೆ ಕಾಟ ಕೊಡುವುದು ಬೆಳಗಿನ ಮತ್ತು ಇಳಿಹೊತ್ತಿನ ಸೂರ್ಯ. ಅವನು ತಗ್ಗಿನಲ್ಲಿ ನಿಂತು ಕಿಟಕಿಗೆ ನೇರವಾಗಿ ಹೊಡೆಯುತ್ತಾನೆ, ಕಿಟಕಿಯ ಮೇಲೊಂದು ಸಜ್ಜ ಹಾಕಿದರೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಹಾಗಾಗಿ ಪೂರ್ವ ಮತ್ತು ಪಶ್ಚಿಮಕ್ಕೆ ದಟ್ಟ ಮರೆ ಬೇಕು.

ಕತಾರ್‌ನ ದೋಹಾದಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾನ್ ನೂವೆಲ್ ವಿನ್ಯಾಸ ಮಾಡಿದ 238 ಮೀಟರ್‌ನ ದೋಹಾ ಟವರ್ ಇದನ್ನು ಮೋಟಾರ್ ಇಲ್ಲದೆಯೇ ಮಾಡಿದೆ. ಅದರದ್ದು ಅಲ್ಯೂಮಿನಿಯಂ ಜಾಲರಿ, ಅಲುಗಾಡುವುದಿಲ್ಲ. ಆದರೆ ಎಲ್ಲ ಕಡೆ ಒಂದೇ ದಟ್ಟಣೆಯೂ ಇಲ್ಲ. ಉತ್ತರಕ್ಕೆ ಶೇಕಡಾ 25, ದಕ್ಷಿಣಕ್ಕೆ 40, ಪೂರ್ವ ಪಶ್ಚಿಮಕ್ಕೆ 60ರಷ್ಟು ಮುಚ್ಚಿದೆ. ಅಲ್ ಬಹರ್ ನೋಡೋಕೆ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ನನ್ನ ಮತ ದೋಹಾ ಕಡೆಗೆ. ಮರುಭೂಮಿಯಲ್ಲಿ ಮರಳುಧೂಳು, ಸಮುದ್ರದ ಉಪ್ಪುಗಾಳಿ ಎರಡೂ ಇವೆ. ಸಾವಿರಾರು ಮೋಟಾರುಗಳನ್ನು ಹಲವಾರು ದಶಕ ಸುಸ್ಥಿತಿಯಲ್ಲಿಡುವುದು ಸುಮ್ನೆ ಆಗುವ ಕೆಲಸವಲ್ಲ. ಕಳ್ಳಿಯ ಏಣುಗಳಿಗೂ ಮೋಟಾರ್ ಇಲ್ಲ.

ಇರಾನಿನ ಯಜ್ದ್ ಊರಿನಲ್ಲಿ ಮೇಲಿನ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರಗಳಿವೆ, ಅವನ್ನೇ ಎಲ್ಲ ಕಡೆ ಕಟ್ಟಬಾರದೇ ಅಂತ ಕೆಲವರು ಕೇಳುತ್ತಾರೆ. ದೌಲತಾಬಾದ್ ತೋಟದಲ್ಲಿರುವುದು 33 ಮೀಟರ್ ಎತ್ತರ ಇದೆ, ಅದ್ಭುತ. ಆದರೆ ಯಜ್ದ್‌ನದು ಒಣ ಹವೆ, ರಾತ್ರಿ ತಂಪಾಗುತ್ತದೆ. ಕೊಲ್ಲಿಯ ತೀರದಲ್ಲಿ ಬೇಸಿಗೆಯ ರಾತ್ರಿಯೂ 30 ಡಿಗ್ರಿ, ಜೊತೆಗೆ ಮೈಗೆ ಅಂಟುವ ತೇವ. ಅಲ್ಲಿ ಬರೀ ಗಾಳಿ ನಂಬಿ ನಲವತ್ತು ಮಹಡಿ ನಡೆಸೋಕೆ ಆಗುವುದಿಲ್ಲ, ಎಸಿ ಬೇಕೇ ಬೇಕು. ಅದಕ್ಕೆ ಬೀಳುವ ಹೊರೆ ಇಳಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಆ ತೇವವನ್ನೂ ಉಪಯೋಗಿಸಬಹುದು. ಒಂಟೆ ಉಸಿರು ಬಿಡುವಾಗ ಅದರ ಮೂಗಿನ ಒಳಪದರ ಆ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಸಿಯ ತಣ್ಣಗಿನ ಕೊಳವೆಗಳ ಮೇಲೂ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಬುರ್ಜ್ ಖಲೀಫಾದಲ್ಲಿ ಆ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೆ ತುಂಬಿಸಿ, ಸುತ್ತಲಿನ ಗಿಡಗಳಿಗೆ ಹರಿಸುತ್ತಾರೆ. ವರ್ಷಕ್ಕೆ ಸುಮಾರು 5.7 ಕೋಟಿ ಲೀಟರ್! ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ಊರಲ್ಲಿ ಇದು ಸಣ್ಣ ಲಾಭವಲ್ಲ.

ಇಷ್ಟೆಲ್ಲ ಹೇಳಿದರೂ ಎತ್ತರಕ್ಕೆ ತನ್ನದೇ ಖರ್ಚಿದೆ. ಕಾಂಕ್ರೀಟು, ಉಕ್ಕು, ಲಿಫ್ಟು, ಮೇಲಕ್ಕೆ ನೀರೆತ್ತುವ ಪಂಪು, ಇವನ್ನು ಯಾವ ಜಾಲರಿಯೂ ಮಾಯ ಮಾಡುವುದಿಲ್ಲ. ಯೆಮನ್‌ನ ಶಿಬಾಮ್‌ನಲ್ಲಿ 16ನೇ ಶತಮಾನದಿಂದ ಏಳೆಂಟು ಮಹಡಿಯ ಮಣ್ಣಿನ ಮನೆಗಳು ಒತ್ತೊತ್ತಾಗಿ ನಿಂತು, ಒಂದರ ನೆರಳು ಇನ್ನೊಂದರ ಮೇಲೆ, ಓಣಿಗಳ ಮೇಲೆ ಬೀಳುವ ಹಾಗೆ ಇವೆ. ನಮ್ಮ ಕಾಲದ ಗೋಪುರಗಳು ಒಂದೊಂದೂ ಒಂಟಿಯಾಗಿ, ಸುತ್ತ ಅಗಲ ರಸ್ತೆ ಬಿಟ್ಟುಕೊಂಡು, ನಾಲ್ಕೂ ಮುಖಕ್ಕೆ ಬಿಸಿಲು ತಿನ್ನುತ್ತಾ ನಿಲ್ಲುತ್ತವೆ. ಹೊಸ ನಗರದ ನಕ್ಷೆ ಬರೆಯುವವರು ಕಟ್ಟಡಕ್ಕಿಂತ ಮೊದಲು ಈ ಅಂತರವನ್ನೇ ಮತ್ತೆ ಅಳೆಯಬೇಕು.

ನಮಸ್ಕಾರ.